ಮಿಶ್ರ ಮೀನುತೊಟ್ಟಿಯಲ್ಲಿ ಮರಿ ಸಾಕಣೆ: ಕೆಜಿಎಫ್–ಬಂಗಾರಪೇಟೆ ಪ್ರದೇಶ

ಹಲವು ಜಾತಿಯ ಅಲಂಕಾರಿಕ ಮೀನುಗಳನ್ನು ಒಟ್ಟಿಗೆ ಸಾಕುವ ಮನೆಯ ಗಾಜಿನ ತೊಟ್ಟಿಯಲ್ಲೇ ಅವು ಮರಿ ಮಾಡುವಂತೆ ನೋಡಿಕೊಂಡು, ಆ ಮರಿಗಳನ್ನು ಬೆಳೆದ ಮೀನುಗಳ ಹಂತದವರೆಗೆ ಉಳಿಸಿಕೊಳ್ಳುವ ಕ್ರಮಕ್ಕೆ ಮಿಶ್ರ ತೊಟ್ಟಿಯ ಮರಿ ಸಾಕಣೆ ಎಂದು ಹೆಸರು. ಒಂದೇ ಜಾತಿಯ ಜೋಡಿಯನ್ನು ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಮರಿ ಮಾಡಿಸುವ ವಾಣಿಜ್ಯ ಪದ್ಧತಿಗಿಂತ ಇದು ಬೇರೆ. ಮಿಶ್ರ ತೊಟ್ಟಿಯಲ್ಲಿ ಮೀನುಗಳು ಮೊಟ್ಟೆ ಇಡುವುದು ಅಥವಾ ಮರಿ ಹಾಕುವುದು ಅಪರೂಪವಲ್ಲ. ಆದರೆ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಮೊದಲ ಕೆಲವು ದಿನಗಳಲ್ಲೇ ದೊಡ್ಡ ಮೀನುಗಳಿಗೆ ಆಹಾರವಾಗುತ್ತವೆ. ಆದ್ದರಿಂದ ಈ ಪದ್ಧತಿಯ ಯಶಸ್ಸನ್ನು ಹುಟ್ಟಿದ ಮರಿಗಳ ಲೆಕ್ಕದಲ್ಲಿ ಅಳೆಯದೆ ಉಳಿದು ಬೆಳೆದ ಮರಿಗಳ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಯಾವ ಜಾತಿ ಎಲ್ಲಿ ಸುಲಭವಾಗಿ ಮರಿ ಮಾಡುತ್ತದೆ ಎಂಬುದನ್ನು ಮುಖ್ಯವಾಗಿ ಆಯಾ ಊರಿನ ನೀರು ನಿರ್ಧರಿಸುತ್ತದೆ. ಈ ಲೇಖನ ಕೋಲಾರ ಜಿಲ್ಲೆಯ ಮೈಸೂರು ಮೈನ್ಸ್, ಕೋಲಾರ ಚಿನ್ನದ ಗಣಿ ಪ್ರದೇಶ (ಕೆಜಿಎಫ್) ಮತ್ತು ಬಂಗಾರಪೇಟೆಯ ನೀರು, ಹವೆಗಳನ್ನು ಆಧಾರವಾಗಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಪರಿಭಾಷೆ

ಮಿಶ್ರ ತೊಟ್ಟಿ: ಸ್ವಭಾವದಲ್ಲಿ ಹೊಂದಿಕೊಳ್ಳುವ ಎರಡು ಅಥವಾ ಹೆಚ್ಚು ಜಾತಿಯ ಮೀನುಗಳಿರುವ ಅಕ್ವೇರಿಯಂ.

ತಾಯಿ ಮೀನು: ಮರಿ ಮಾಡಿಸಲು ಆರಿಸಿಕೊಂಡ, ಪ್ರಾಯಕ್ಕೆ ಬಂದ ಮೀನು. ಮೀನುಗಾರಿಕೆಯ ರೂಢಿಯಲ್ಲಿ ಈ ಮಾತು ಗಂಡು, ಹೆಣ್ಣು ಎರಡಕ್ಕೂ ಅನ್ವಯಿಸುತ್ತದೆ. ಈ ಲೇಖನದಲ್ಲೂ ಅದೇ ಅರ್ಥದಲ್ಲಿ ಬಳಸಿದೆ.

ಈಜುಮರಿ: ಮೊಟ್ಟೆಯಿಂದ ಹೊರಬಂದು, ಹೊಟ್ಟೆಗೆ ಅಂಟಿದ ಭಂಡಾರದ ಚೀಲ ಕರಗಿ, ಸ್ವತಂತ್ರವಾಗಿ ಈಜತೊಡಗಿದ ಮರಿ. ಹೊರಗಿನ ಆಹಾರ ಬೇಕಾಗುವುದು ಈ ಹಂತದಿಂದ.

ಗಡಸು ನೀರು: ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ನೀರು. ಇವು ಕಡಿಮೆ ಇರುವ ನೀರು ಮೆದು ನೀರು.

ಪಕ್ವ ತೊಟ್ಟಿ: ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ನೆಲೆಗೊಂಡಿರುವ ತೊಟ್ಟಿ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಮೀನುಗಳನ್ನು ವಿನೋದಕ್ಕಾಗಿ ಗಮನಿಸಿದ ಒಂದು ಹಳೆಯ ದಾಖಲೆ 12ನೇ ಶತಮಾನದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗದಲ್ಲಿ ಮೀನಿನ ಬಗೆಗಳು, ಅವುಗಳಿಗೆ ಹಾಕುವ ಆಹಾರ ಮತ್ತು ಗಾಳದ ವಿವರಗಳಿವೆ. ಗಾಜಿನ ತೊಟ್ಟಿಯಲ್ಲಿ ಸಸ್ಯ ಮತ್ತು ಮೀನನ್ನು ಒಟ್ಟಿಗೆ ಇಟ್ಟು ಸಮತೋಲ ಕಾಯುವ ಕ್ರಮ 19ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಇದರ ತತ್ತ್ವವನ್ನು ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಅಕ್ವೇರಿಯಂ ಎಂಬ ಪದ ಬಳಕೆಗೆ ಬಂತು.

ಭಾರತದಲ್ಲಿ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಗಾರ 1951ರಲ್ಲೂ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಸರ್ಕಾರಿ ಮತ್ಸ್ಯಾಗಾರ 1983ರಲ್ಲೂ ಆರಂಭವಾದವು. ಮೀನುಗಾರಿಕೆಯ ಉನ್ನತ ಶಿಕ್ಷಣಕ್ಕಾಗಿ ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಮೀನುಗಾರಿಕಾ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಪ್ರದೇಶದ ನೀರು ಮತ್ತು ಹವೆ

ಮೈಸೂರು ಮೈನ್ಸ್ ಎಂಬುದು ಕೆಜಿಎಫ್‌ನ ಪ್ರಮುಖ ಗಣಿಗಳಲ್ಲಿ ಒಂದರ ಹೆಸರು. ಗಣಿಯ ಸುತ್ತ ಬೆಳೆದ ವಸತಿಗೂ ಅದೇ ಹೆಸರು ನಿಂತಿದೆ. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮತ್ತು ಬಾಲಘಾಟ್ ಇದೇ ಸಾಲಿನ ಇತರ ಗಣಿಗಳು. ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ಊರುಗಳಿಗೆ ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲ ಜಲಾಶಯದಿಂದ ನೀರು ಪೂರೈಸಲಾಗುತ್ತಿತ್ತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹೀಗಾಗಿ ಇಂದು ಮನೆಬಳಕೆಯ ನೀರಿನಲ್ಲಿ ಆಳದ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಪಾಲು ದೊಡ್ಡದು.

ಈ ಭಾಗದ ಅಂತರ್ಜಲ ಸಾಮಾನ್ಯವಾಗಿ ಗಡಸು. ಜಿಲ್ಲೆಯ ಹಲವೆಡೆ ಫ್ಲೋರೈಡ್ ಅಂಶವೂ ಹೆಚ್ಚು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದಾಗ 600ರವರೆಗೆ ಅವಕಾಶವಿದೆ. ಮೀನು ಸಾಕಣೆಯ ದೃಷ್ಟಿಯಿಂದ ಗಡಸು ನೀರಿಗೆ ಮೂರು ಪರಿಣಾಮಗಳಿವೆ. ಮೊದಲನೆಯದಾಗಿ, ಗಪ್ಪಿ, ಮೋಲಿ, ಪ್ಲಾಟಿ, ಸ್ವರ್ಡ್‌ಟೇಲ್‌ಗಳಂಥ ಮರಿ ಹಾಕುವ ಮೀನುಗಳಿಗೆ ಇದು ಒಗ್ಗುತ್ತದೆ. ಎರಡನೆಯದಾಗಿ, ಅಮೆಜಾನ್ ಪ್ರದೇಶದ ಮೆದು ನೀರಿನ ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವು ಇದರಲ್ಲಿ ಬದುಕಿದರೂ ಮೊಟ್ಟೆಗಳು ಫಲಿಸುವುದು ಕಡಿಮೆ. ಮೂರನೆಯದಾಗಿ, ಇಂಥ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ಕ್ಷಾರತೆ ಹೆಚ್ಚಿದಷ್ಟೂ ತೊಟ್ಟಿಯಲ್ಲಿ ಹುಟ್ಟುವ ಅಮೋನಿಯಾ ಹೆಚ್ಚು ವಿಷಕಾರಿ ರೂಪ ತಾಳುತ್ತದೆ. ಮರಿಗಳು ಈ ವಿಷಕ್ಕೆ ದೊಡ್ಡ ಮೀನುಗಳಿಗಿಂತ ಬೇಗ ಬಲಿಯಾಗುತ್ತವೆ.

ತೊಟ್ಟಿಯ ನೀರು ಆವಿಯಾದಾಗ ಲವಣಗಳು ಉಳಿಯುತ್ತವೆ. ಕಡಿಮೆಯಾದಷ್ಟು ಕೊಳವೆಬಾವಿ ನೀರನ್ನು ತುಂಬಿಸುತ್ತಲೇ ಹೋದರೆ ಗಡಸುತನ ತಿಂಗಳಿಂದ ತಿಂಗಳಿಗೆ ಏರುತ್ತದೆ. ಆದ್ದರಿಂದ ಹಳೆಯ ನೀರನ್ನು ತೆಗೆದು ಹೊಸ ನೀರು ಹಾಕುವುದು ಅಗತ್ಯ. ಗಡಸುತನ ತಗ್ಗಿಸಲು ಸ್ವಚ್ಛ ಚಾವಣಿಯಿಂದ ಹಿಡಿದ ಮಳೆನೀರನ್ನಾಗಲಿ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನಾಗಲಿ ಬೆರೆಸಬಹುದು. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಅದೊಂದನ್ನೇ ಬಳಸುವಂತಿಲ್ಲ.

ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಂಪು. ಹೆಚ್ಚಿನ ಉಷ್ಣವಲಯದ ಮೀನುಗಳು ಮರಿ ಮಾಡಲು 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಚಳಿಗಾಲದಲ್ಲಿ ಹೀಟರ್ ಇಲ್ಲದ ತೊಟ್ಟಿಗಳಲ್ಲಿ ಮರಿ ಮಾಡುವುದು ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುವುದರಿಂದ ಗಾಳಿ ಪಂಪ್ ಬೇಕಾಗುತ್ತದೆ. ವಿದ್ಯುತ್ ಕಡಿತದ ಹೊತ್ತಿಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪ್ ಇಟ್ಟುಕೊಳ್ಳುವುದು ರೂಢಿ.

ತೊಟ್ಟಿಯ ರಚನೆ

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ, ಅಂದರೆ ಸುಮಾರು 60×30×30 ಸೆಂ.ಮೀ., 54 ಲೀಟರ್ ಹಿಡಿಯುತ್ತದೆ. ಮೂರು ಅಡಿಯ 90×45×45 ಸೆಂ.ಮೀ. ತೊಟ್ಟಿಯ ಅಳತೆ 182 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ತೊಟ್ಟಿ ಇಡುವ ಮೇಜು ಆ ಭಾರ ತಡೆಯುವಂತಿರಬೇಕು. ಮಿಶ್ರ ತೊಟ್ಟಿಯಲ್ಲಿ ಮರಿ ಉಳಿಸಿಕೊಳ್ಳಲು ಎತ್ತರಕ್ಕಿಂತ ಉದ್ದ ಹೆಚ್ಚಿರುವ ತೊಟ್ಟಿ ಅನುಕೂಲ. ಮರಿಗಳಿಗೆ ದೊಡ್ಡ ಮೀನುಗಳಿಂದ ದೂರ ಸರಿಯಲು ಜಾಗ ಸಿಗುತ್ತದೆ.

ಹೊಸ ತೊಟ್ಟಿ ಪಕ್ವವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ನೈಟ್ರೋಸೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೋಸ್ಪೈರಾ ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸತೊಡಗುತ್ತವೆ. ನೈಟ್ರೇಟ್ ಉಳಿದೆರಡಕ್ಕಿಂತ ಬಹಳ ಕಡಿಮೆ ವಿಷಕಾರಿ. ಅದನ್ನು ಸಸ್ಯಗಳು ಹೀರುತ್ತವೆ, ಉಳಿದದ್ದು ನೀರು ಬದಲಿಸುವಾಗ ಹೊರಹೋಗುತ್ತದೆ. ಪಕ್ವವಾಗದ ತೊಟ್ಟಿಯಲ್ಲಿ ಹುಟ್ಟಿದ ಮರಿಗಳು ಉಳಿಯುವುದು ಕಷ್ಟ.

ಮರಿ ಸಾಕಣೆಗೆ ಸ್ಪಾಂಜ್ ಫಿಲ್ಟರ್ ಅತ್ಯಂತ ಸೂಕ್ತ. ಮೋಟಾರ್ ಫಿಲ್ಟರುಗಳು ನೀರಿನೊಂದಿಗೆ ಮರಿಗಳನ್ನೂ ಎಳೆದುಕೊಳ್ಳುತ್ತವೆ. ಅವುಗಳನ್ನೇ ಬಳಸಬೇಕಾದಲ್ಲಿ ಹೀರುವ ಬಾಯಿಗೆ ಸ್ಪಾಂಜ್ ಅಥವಾ ಸೂಕ್ಷ್ಮ ಜಾಲರಿ ಕಟ್ಟಬೇಕು. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ನಲ್ಲಿ ನೀರನ್ನು ತೆರೆದ ಪಾತ್ರೆಯಲ್ಲಿ 24 ಗಂಟೆ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೊರಹೋಗುತ್ತದೆ. ಕೊಳವೆಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವುದರಿಂದ ಅದನ್ನೂ ಒಂದು ದಿನ ಗಾಳಿಯಾಡಿಸಿ ಬಳಸುವುದು ಕ್ಷೇಮ. ಟ್ಯಾಂಕರ್ ನೀರಿನ ಮೂಲ ಪ್ರತಿಸಲ ಬೇರೆಯಾಗಬಹುದಾದ್ದರಿಂದ ಒಮ್ಮೆಗೆ ತೊಟ್ಟಿಯ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಬದಲಿಸಬಾರದು.

ಸಸ್ಯಗಳು ಮಿಶ್ರ ತೊಟ್ಟಿಯ ಮರಿ ಸಾಕಣೆಯ ಆಧಾರ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮತ್ತು ಸೆರಟೋಫಿಲಂ ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಮೇಲೆ ತೇಲುವ ಅಂತರಗಂಗೆಯ ಬೇರುಗಳು ಗಪ್ಪಿ, ಮೋಲಿಗಳ ಮರಿಗಳಿಗೆ ಅಡಗುತಾಣ. ಜಾವಾ ಮಾಸ್ ಎಂಬ ಹಾವಸೆ ಮೊಟ್ಟೆ ಹಿಡಿಯಲು ಮತ್ತು ಮರಿಗಳ ಮೊದಲ ಸೂಕ್ಷ್ಮ ಆಹಾರಕ್ಕೆ ನೆಲೆಯಾಗುತ್ತದೆ. ಕೆರೆಯಿಂದ ತಂದ ಸಸ್ಯಗಳಲ್ಲಿ ಬಸವನಹುಳು, ಜಲಕೀಟಗಳ ಮರಿ ಮತ್ತು ರೋಗಾಣುಗಳು ಇರಬಹುದಾದ್ದರಿಂದ ಅವನ್ನು ಬೇರೆ ಪಾತ್ರೆಯಲ್ಲಿ ಕೆಲವು ದಿನ ಇಟ್ಟು ತೊಳೆದು ಬಳಸಲಾಗುತ್ತದೆ.

ಜಾತಿಗಳ ಆಯ್ಕೆ

ಮಿಶ್ರ ತೊಟ್ಟಿಗೆ ಜಾತಿಗಳನ್ನು ಆರಿಸುವಾಗ ಮೂರು ಅಂಶಗಳನ್ನು ನೋಡಲಾಗುತ್ತದೆ: ನೀರು ಒಂದೇ ಬಗೆಯದು ಸಾಕೇ, ಒಂದು ಮೀನು ಇನ್ನೊಂದನ್ನು ಕಚ್ಚುತ್ತದೆಯೇ, ದೊಡ್ಡದರ ಬಾಯಿಗೆ ಚಿಕ್ಕದು ಹಿಡಿಯುತ್ತದೆಯೇ. ಟೈಗರ್ ಬಾರ್ಬ್ ಉದ್ದ ಬಾಲ, ರೆಕ್ಕೆಗಳ ಮೀನುಗಳನ್ನು ಕಚ್ಚುತ್ತದೆ. ಬೆಳೆದ ಏಂಜೆಲ್ ಮೀನು ಸಣ್ಣ ಟೆಟ್ರಾಗಳನ್ನು ನುಂಗುತ್ತದೆ. ಆಸ್ಕರ್ ಮಿಶ್ರ ತೊಟ್ಟಿಗೆ ಹೊಂದುವುದಿಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನಾದ್ದರಿಂದಲೂ ಹೆಚ್ಚು ಮಲ ವಿಸರ್ಜಿಸುವುದರಿಂದಲೂ ಉಷ್ಣವಲಯದ ಸಣ್ಣ ಮೀನುಗಳ ಜೊತೆ ಇಡುವಂಥದ್ದಲ್ಲ.

ಕೆಜಿಎಫ್–ಬಂಗಾರಪೇಟೆಯ ಗಡಸು ನೀರಿಗೆ ಹೊಂದುವ ಒಂದು ಕೂಟ ಹೀಗಿದೆ: ಗಪ್ಪಿ ಅಥವಾ ಪ್ಲಾಟಿ, ಜೀಬ್ರಾ ಡೇನಿಯೊ, ಮತ್ತು ತಳದಲ್ಲಿ ತಿನ್ನುವ ಸೌಮ್ಯ ಸ್ವಭಾವದ ಕೊರಿಡೊರಾಸ್. ಈ ಮೂರೂ ತೊಟ್ಟಿಯ ಬೇರೆ ಬೇರೆ ಮಟ್ಟದಲ್ಲಿ ಹೆಚ್ಚು ಹೊತ್ತು ಕಳೆಯುತ್ತವೆ. ಮರಿ ಹಾಕುವ ಮೀನುಗಳಲ್ಲಿ ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಇರಬೇಕು. ಗಂಡುಗಳು ಹೆಚ್ಚಾದರೆ ಬೆನ್ನಟ್ಟುವಿಕೆಯಿಂದ ಹೆಣ್ಣುಗಳು ಸೊರಗುತ್ತವೆ.

ಸಂತಾನೋತ್ಪತ್ತಿಯ ಬಗೆಗಳು

ಮರಿ ಹಾಕುವ ಮೀನುಗಳು. ಗಪ್ಪಿ, ಮೋಲಿ, ಪ್ಲಾಟಿ, ಸ್ವರ್ಡ್‌ಟೇಲ್ ಈ ಗುಂಪಿನವು. ಗಂಡಿನ ಗುದದ ರೆಕ್ಕೆ ಕಡ್ಡಿಯಂತೆ ಮಾರ್ಪಟ್ಟಿರುತ್ತದೆ; ವೀರ್ಯ ಹೆಣ್ಣಿನ ದೇಹದೊಳಗೆ ಸೇರಿ ಮೊಟ್ಟೆ ಅಲ್ಲಿಯೇ ಬೆಳೆಯುತ್ತದೆ. ಗಪ್ಪಿಯ ಗರ್ಭಾವಧಿ 22ರಿಂದ 30 ದಿನ. ಹೆಣ್ಣಿನ ಗುದದ ರೆಕ್ಕೆಯ ಬಳಿಯ ಕಪ್ಪು ಚುಕ್ಕೆ ದೊಡ್ಡದಾಗಿ, ಹೊಟ್ಟೆ ಚೌಕಾಕಾರಕ್ಕೆ ತಿರುಗುವುದು ಹೆರಿಗೆ ಹತ್ತಿರವಾದ ಗುರುತು. ಸಾಮಾನ್ಯವಾಗಿ ಒಂದು ಸಲಕ್ಕೆ 20ರಿಂದ 50 ಮರಿಗಳು ಹುಟ್ಟುತ್ತವೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಕೆಲವು ತಿಂಗಳು ಕಾಪಿಟ್ಟುಕೊಂಡು ಗಂಡಿಲ್ಲದೆಯೂ ಹಲವು ಸಲ ಮರಿ ಹಾಕಬಲ್ಲದು. ಮರಿಗಳು ಹುಟ್ಟಿದ ಕೂಡಲೇ ಈಜಿ ತಿನ್ನಬಲ್ಲವಾದ್ದರಿಂದ ಮಿಶ್ರ ತೊಟ್ಟಿಯಲ್ಲಿ ಉಳಿಯುವ ಸಾಧ್ಯತೆ ಈ ಗುಂಪಿನಲ್ಲೇ ಹೆಚ್ಚು.

ಮೊಟ್ಟೆ ಚೆಲ್ಲುವ ಮೀನುಗಳು. ಜೀಬ್ರಾ ಡೇನಿಯೊ, ಬಾರ್ಬ್, ಟೆಟ್ರಾಗಳು ಮೊಟ್ಟೆಗಳನ್ನು ಚೆಲ್ಲಿ ಮುಂದೆ ಸಾಗುತ್ತವೆ; ಅನೇಕ ವೇಳೆ ತಾವೇ ತಿನ್ನುತ್ತವೆ. ಜೀಬ್ರಾ ಡೇನಿಯೊ ಬೆಳಗಿನ ಮೊದಲ ಬೆಳಕಿನಲ್ಲಿ ಮೊಟ್ಟೆ ಹಾಕುತ್ತದೆ. ಇದರ ಮೊಟ್ಟೆ ಅಂಟುವುದಿಲ್ಲ, ತಳಕ್ಕೆ ಬೀಳುತ್ತದೆ. ತೊಟ್ಟಿಯ ತಳದಲ್ಲಿ ಒಂದು ಮೂಲೆಗೆ ಎರಡು ಮೂರು ಪದರ ಗೋಲಿಗಳನ್ನು ಹರಡಿದರೆ ಮೊಟ್ಟೆಗಳು ಸಂದಿಗೆ ಇಳಿದು ಉಳಿಯುತ್ತವೆ. 28 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತವೆ. ಬಾರ್ಬ್‌ಗಳ ಮೊಟ್ಟೆ ಅಂಟುವ ಗುಣದ್ದು. ಜಾವಾ ಮಾಸ್ ಅಥವಾ ನೈಲಾನ್ ಎಳೆಗಳ ಕುಂಚದ ಮೇಲೆ ಅವನ್ನು ಹಿಡಿದು ಬೇರೆ ಪಾತ್ರೆಗೆ ಸಾಗಿಸಬಹುದು.

ಮೊಟ್ಟೆ ಅಂಟಿಸಿ ಇಡುವ ಮೀನುಗಳು. ಏಂಜೆಲ್ ಜೋಡಿ ಅಗಲ ಎಲೆ, ನೆಟ್ಟಗಿರುವ ಕಲ್ಲುಚಪ್ಪಡಿ ಅಥವಾ ಗಾಜನ್ನು ಬಾಯಿಂದ ಶುಚಿಮಾಡಿ ಸಾಲಾಗಿ ಮೊಟ್ಟೆ ಇಡುತ್ತದೆ. ತಂದೆತಾಯಿ ಎರಡೂ ಕಾಯುತ್ತವೆ. ಮೊಟ್ಟೆ ಎರಡು ಮೂರು ದಿನಕ್ಕೆ ಒಡೆದು, ಸುಮಾರು ಒಂದು ವಾರಕ್ಕೆ ಮರಿಗಳು ಈಜತೊಡಗುತ್ತವೆ. ಮಿಶ್ರ ತೊಟ್ಟಿಯಲ್ಲಿ ಈ ಜೋಡಿ ಉಳಿದ ಮೀನುಗಳನ್ನು ಒಂದು ಮೂಲೆಗೆ ಅಟ್ಟುತ್ತದೆ. ಕೊರಿಡೊರಾಸ್ ಮೊಟ್ಟೆಗಳನ್ನು ಗಾಜಿಗೆ ಅಂಟಿಸಿ ಬಿಟ್ಟುಹೋಗುತ್ತದೆ. ಅವನ್ನು ಬೆರಳಿನಿಂದ ಮೆಲ್ಲನೆ ಜಾರಿಸಿ ಬೇರೆ ಮಾಡಬಹುದು.

ನೊರೆಗೂಡು ಕಟ್ಟುವ ಮೀನುಗಳು. ಫೈಟರ್ ಮತ್ತು ಹಲವು ಗೌರಾಮಿ ಜಾತಿಗಳ ಗಂಡು ನೀರಿನ ಮೇಲ್ಮೈಯಲ್ಲಿ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆಗಳನ್ನು ಅದರಲ್ಲಿ ಇಟ್ಟು ಕಾಯುತ್ತದೆ. ಫೈಟರ್ ಮೊಟ್ಟೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತದೆ. ಮೊಟ್ಟೆ ಇಟ್ಟ ಮೇಲೆ ಗಂಡು ಹೆಣ್ಣನ್ನು ಅಟ್ಟಿ ಗಾಯಗೊಳಿಸುವುದರಿಂದ ಹೆಣ್ಣನ್ನು ತೆಗೆಯಬೇಕಾಗುತ್ತದೆ. ಫಿಲ್ಟರಿನ ಅಲೆ ಗೂಡನ್ನು ಒಡೆಯುವುದರಿಂದ ಈ ಜಾತಿಗಳಿಗೆ ನಿಶ್ಚಲ ನೀರು ಬೇಕು. ಮಿಶ್ರ ತೊಟ್ಟಿ ಇವಕ್ಕೆ ಅಷ್ಟಾಗಿ ಒದಗುವುದಿಲ್ಲ.

ಬಾಯಲ್ಲಿ ಮರಿ ಸಾಕುವ ಮೀನುಗಳು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಲ್ಲಿ ಹೆಣ್ಣು ಮೊಟ್ಟೆ, ಮರಿಗಳನ್ನು ಸುಮಾರು ಮೂರು ವಾರ ಬಾಯಲ್ಲಿಟ್ಟುಕೊಳ್ಳುತ್ತದೆ. ಗಡಸು, ಕ್ಷಾರೀಯ ನೀರು ಇವುಗಳಿಗೆ ಸಹಜ. ಆದರೆ ಇವು ಜಗಳಗಂಟಿಗಳಾದ್ದರಿಂದ ತಮ್ಮದೇ ಗುಂಪಿನ ದೊಡ್ಡ ತೊಟ್ಟಿಯಲ್ಲಿ ಮಾತ್ರ ಸಾಕುವಂಥವು.

ಮರಿಗಳ ರಕ್ಷಣೆ

ಮಿಶ್ರ ತೊಟ್ಟಿಯಲ್ಲಿ ಮರಿಗಳನ್ನು ಉಳಿಸಿಕೊಳ್ಳಲು ಮೂರು ಕ್ರಮಗಳು ಬಳಕೆಯಲ್ಲಿವೆ.

ಮೊದಲನೆಯದು ಸಸ್ಯದ ಮರೆ. ತೊಟ್ಟಿಯ ಮೂರನೇ ಒಂದು ಭಾಗವನ್ನಾದರೂ ದಟ್ಟವಾದ ಸಸ್ಯಗಳಿಗೆ ಬಿಟ್ಟರೆ ಪ್ರತಿ ಸೂಲಿನ ಕೆಲವು ಮರಿಗಳು ತಾವಾಗಿಯೇ ಉಳಿಯುತ್ತವೆ. ತಾಯಿ ಮೀನಿಗೆ ಯಾವ ತೊಂದರೆಯೂ ಇಲ್ಲದಿರುವುದು ಈ ಕ್ರಮದ ಗುಣ.

ಎರಡನೆಯದು ಮರಿ ಪೆಟ್ಟಿಗೆ. ಪ್ಲಾಸ್ಟಿಕ್ ಅಥವಾ ಬಲೆಯ ಸಣ್ಣ ಪೆಟ್ಟಿಗೆಯನ್ನು ತೊಟ್ಟಿಯೊಳಗೇ ತೂಗುಹಾಕಿ, ಹೆರಿಗೆಗೆ ಹತ್ತಿರವಾದ ಹೆಣ್ಣನ್ನು ಅದರಲ್ಲಿಡುವುದು. ಚೌಕಟ್ಟಿಗೆ ಸೊಳ್ಳೆಪರದೆಯ ಬಟ್ಟೆ ಹೊಲಿದು ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಕ್ಕಟ್ಟಿನಲ್ಲಿ ಹೆಚ್ಚು ದಿನ ಇಟ್ಟರೆ ಹೆಣ್ಣು ಗಾಬರಿಗೊಂಡು ಅವಧಿಗೆ ಮುನ್ನ ಮರಿ ಹಾಕುವುದುಂಟು. ಆದ್ದರಿಂದ ಮರಿ ಹಾಕಿದ ಮೇಲೆ ಮರಿಗಳನ್ನಷ್ಟೇ ಹಿಡಿದು ಪೆಟ್ಟಿಗೆಗೆ ಹಾಕುವುದು ಹೆಚ್ಚು ಸುರಕ್ಷಿತ.

ಮೂರನೆಯದು ಮರಿ ತೊಟ್ಟಿ. 10ರಿಂದ 20 ಲೀಟರಿನ ಬಕೆಟ್ ಅಥವಾ ಟಬ್‌ಗೆ ಮುಖ್ಯ ತೊಟ್ಟಿಯ ನೀರನ್ನೇ ತುಂಬಿ, ಅಲ್ಲಿ ಪಕ್ವಗೊಂಡ ಸ್ಪಾಂಜ್ ಫಿಲ್ಟರ್ ಇಟ್ಟು ಮೊಟ್ಟೆ ಅಥವಾ ಮರಿಗಳನ್ನು ಸಾಗಿಸುವುದು. ಮೊಟ್ಟೆ ಇಡುವ ಜಾತಿಗಳಿಗೆ ಬಹುಮಟ್ಟಿಗೆ ಇದೊಂದೇ ದಾರಿ. ನೀರು ಬದಲಿಸುವಾಗ ಗಾಳಿ ಪಂಪಿನ ಸಣ್ಣ ನಳಿಕೆಯ ಬಾಯಿಗೆ ಬಟ್ಟೆ ಕಟ್ಟಿ ಹೀರಿದರೆ ಮರಿಗಳು ಹೊರಹೋಗುವುದಿಲ್ಲ.

ದೊಡ್ಡ ಮೀನುಗಳ ಬಾಯಿಗೆ ಹಿಡಿಯದಷ್ಟು ಬೆಳೆದ ಮೇಲೆ ಮರಿಗಳನ್ನು ಮತ್ತೆ ಮಿಶ್ರ ತೊಟ್ಟಿಗೆ ಬಿಡಲಾಗುತ್ತದೆ. ಗಪ್ಪಿ ಮರಿಗಳು ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಅದಕ್ಕೆ ಮುನ್ನವೇ ಗಂಡು, ಹೆಣ್ಣುಗಳನ್ನು ಬೇರ್ಪಡಿಸದಿದ್ದರೆ ಮರಿಗಳ ನಡುವೆಯೇ ಸಂತಾನ ಬೆಳೆಯುತ್ತದೆ.

ಮರಿಗಳ ಆಹಾರ

ಮರಿಯ ಬಾಯಿಯ ಅಳತೆಗೆ ತಕ್ಕ ಆಹಾರ ಇರಬೇಕು. ಗಪ್ಪಿ, ಪ್ಲಾಟಿ ಮರಿಗಳು ನುಣ್ಣಗೆ ಪುಡಿಮಾಡಿದ ಒಣ ಆಹಾರವನ್ನು ಮೊದಲ ದಿನದಿಂದಲೇ ತಿನ್ನುತ್ತವೆ. ಡೇನಿಯೊ, ಬಾರ್ಬ್, ಗೌರಾಮಿ ಮರಿಗಳಿಗೆ ಮೊದಲ ದಿನಗಳಲ್ಲಿ ಇನ್‌ಫ್ಯುಸೋರಿಯಾ ಎಂಬ ಸೂಕ್ಷ್ಮಜೀವಿಗಳು ಬೇಕು. ಹಳೆಯ ತೊಟ್ಟಿ ನೀರಿಗೆ ಒಣಹುಲ್ಲು, ಎಲೆಕೋಸಿನ ಎಲೆ ಅಥವಾ ಬಾಳೆಹಣ್ಣಿನ ಸಿಪ್ಪೆಯ ಚೂರು ಹಾಕಿ ಕೆಲವು ದಿನ ಬಿಟ್ಟರೆ ಇವು ಬೆಳೆಯುತ್ತವೆ. ನೀರು ಮೊದಲು ಕದಡಿ ನಂತರ ತಿಳಿಯಾಗುವುದು ಬಳಕೆಗೆ ಸಿದ್ಧವಾದ ಗುರುತು.

ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸೀಗಡಿಯ ಒಣ ಮೊಟ್ಟೆಗಳನ್ನು ಲೀಟರಿಗೆ 25ರಿಂದ 30 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಗಾಳಿಯಾಡಿಸಿ ಸುಮಾರು 28 ಡಿಗ್ರಿಯಲ್ಲಿ ಇಟ್ಟರೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳನ್ನು ಸಿಹಿನೀರಿನಲ್ಲಿ ಸೋಸಿ ತೊಳೆದು ಕೊಡಬೇಕು. ಮೊಯಿನಾ ಮತ್ತು ಡ್ಯಾಫ್ನಿಯಾ ಎಂಬ ಜಲಚಿಗಟಗಳೂ ಉತ್ತಮ ಆಹಾರ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡುವುದು ಹಳೆಯ ರೂಢಿ. ಅಳತೆ ಮೀರಿದರೆ ನೀರು ಬೇಗ ಕೆಡುತ್ತದೆ. ದಿನಕ್ಕೆ ಒಂದೆರಡು ಸಲ ಹೆಚ್ಚಾಗಿ ಹಾಕುವುದಕ್ಕಿಂತ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕುವುದು ಸರಿಯಾದ ಕ್ರಮ. ಸೊಳ್ಳೆಮರಿ ಮೀನಿಗೆ ಒಳ್ಳೆಯ ಆಹಾರವೇ ಆದರೂ ಅದಕ್ಕಾಗಿ ಮನೆಯಲ್ಲಿ ನೀರು ನಿಲ್ಲಿಸುವುದರಿಂದ ಡೆಂಗಿ ಹರಡುವ ಸೊಳ್ಳೆ ಹೆಚ್ಚುತ್ತದೆ.

ರೋಗಗಳು

ಬಿಳಿಚುಕ್ಕೆ ರೋಗ ಇಕ್ತಿಯೋಫ್ತಿರಿಯಸ್ ಎಂಬ ಪರೋಪಜೀವಿಯಿಂದ ಬರುತ್ತದೆ. ನೀರಿನ ಉಷ್ಣತೆ ಹಠಾತ್ತನೆ ಇಳಿದಾಗ ಮೀನುಗಳ ರೋಗನಿರೋಧಕ ಶಕ್ತಿ ಕುಂದಿ ಇದು ಹರಡುವುದರಿಂದ ಚಳಿಗಾಲದಲ್ಲಿ ಎಚ್ಚರ ಬೇಕು. ಉಷ್ಣತೆಯನ್ನು ನಿಧಾನವಾಗಿ 28–30 ಡಿಗ್ರಿಗೆ ಏರಿಸಿ, ಗಾಳಿಯಾಡಿಕೆ ಹೆಚ್ಚಿಸಿ, ತಡೆದುಕೊಳ್ಳುವ ಜಾತಿಗಳಿಗೆ ಉಪ್ಪು ಬಳಸಲಾಗುತ್ತದೆ. ಫಲಿಸದ ಮೊಟ್ಟೆಗಳು ಬಿಳಿಯಾಗಿ ಬೂಷ್ಟು ಹಿಡಿಯುತ್ತವೆ. ಅವನ್ನು ಆಗಿಂದಾಗ್ಗೆ ತೆಗೆಯಬೇಕು. ಮರಿ ತೊಟ್ಟಿಯಲ್ಲಿ ಮೊಟ್ಟೆಗಳ ಬೂಷ್ಟು ತಡೆಯಲು ಮೆಥಿಲೀನ್ ಬ್ಲೂ ಬಳಸುವುದುಂಟು. ಅದು ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಹಾನಿಕರವಾದ್ದರಿಂದ ಮುಖ್ಯ ತೊಟ್ಟಿಗೆ ಹಾಕುವಂತಿಲ್ಲ. ಹೊಸದಾಗಿ ತಂದ ಮೀನನ್ನು ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು ಗಮನಿಸಿದ ಮೇಲೆ ಮಿಶ್ರ ತೊಟ್ಟಿಗೆ ಬಿಡುವುದು ಮುಖ್ಯ ಮುಂಜಾಗ್ರತೆ.

ಸಂಖ್ಯೆ ಮತ್ತು ತಳಿಯ ನಿಯಂತ್ರಣ

ಐದು ಹೆಣ್ಣು ಗಪ್ಪಿಗಳು ತಲಾ 30 ಮರಿ ಹಾಕಿದರೆ ತಿಂಗಳಿಗೆ 150 ಮರಿಗಳಾಗುತ್ತವೆ. 54 ಲೀಟರಿನ ತೊಟ್ಟಿ ಇಷ್ಟನ್ನು ಸಾಕಲಾರದು. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗಿ ರೋಗ ಹೆಚ್ಚುತ್ತದೆ. ಹೀಗಾಗಿ ಎಷ್ಟು ಮರಿಗಳನ್ನು ಬೆಳೆಸಬೇಕು, ಉಳಿದವನ್ನು ಯಾರಿಗೆ ಕೊಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸುವುದು ಈ ಪದ್ಧತಿಯ ಭಾಗ.

ಒಂದೇ ಸಂಸಾರದ ಮೀನುಗಳು ತಲೆಮಾರುಗಟ್ಟಲೆ ಕೂಡಿದರೆ ಬೆನ್ನು ಬಾಗುವುದು, ಗಾತ್ರ ಕುಗ್ಗುವುದು ಮೊದಲಾದ ದೋಷಗಳು ಹೊಮ್ಮುತ್ತವೆ. ಕಾಲಕಾಲಕ್ಕೆ ಬೇರೆ ಮೂಲದ ಮೀನುಗಳನ್ನು ತಂದು ಸೇರಿಸುವುದು ಇದಕ್ಕೆ ಪರಿಹಾರ. ಪ್ಲಾಟಿ ಮತ್ತು ಸ್ವರ್ಡ್‌ಟೇಲ್ ಒಂದೇ ಕುಲಕ್ಕೆ ಸೇರಿದ್ದು, ಒಟ್ಟಿಗಿದ್ದರೆ ಮಿಶ್ರತಳಿ ಹುಟ್ಟುತ್ತದೆ. ತಳಿಯ ಶುದ್ಧತೆ ಬೇಕಾದವರು ಇವೆರಡನ್ನು ಒಂದೇ ತೊಟ್ಟಿಯಲ್ಲಿ ಇಡುವುದಿಲ್ಲ.

ಉಪಯೋಗಗಳು

ಸೊಳ್ಳೆ ನಿಯಂತ್ರಣ: ಗಪ್ಪಿಯು ಸೊಳ್ಳೆಮರಿಗಳನ್ನು ತಿನ್ನುವ ಮೀನು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಸುತ್ತಲಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಾವಿ ಮತ್ತಿತರ ನೀರಿನ ತಾಣಗಳಿಗೆ ಬಿಟ್ಟು ಮಲೇರಿಯಾ ನಿಯಂತ್ರಣದ ಕೆಲಸ ನಡೆಸಿದರು. ಹಾಸನ ಜಿಲ್ಲೆಯ ಬಾಣಾವರ ಭಾಗದಲ್ಲೂ ಇದೇ ಕ್ರಮ ಅನುಸರಿಸಲಾಯಿತು. ಗಡಸು ನೀರಿನಲ್ಲೂ ಬಾವಿಯ ಇಕ್ಕಟ್ಟಿನಲ್ಲೂ ಗಪ್ಪಿ ತಾನಾಗಿ ಸಂತಾನ ಬೆಳೆಸಿಕೊಳ್ಳುವ ಗುಣ ಈ ಬಳಕೆಗೆ ಆಧಾರ.

ಸಂಶೋಧನೆ: ಜೀಬ್ರಾ ಡೇನಿಯೊವನ್ನು ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾ ಬಯಲಿನ ಮೀನುಗಳ ಗ್ರಂಥದಲ್ಲಿ ವರ್ಣಿಸಿದ. ಪಾರದರ್ಶಕ ಭ್ರೂಣ ಮತ್ತು ವೇಗದ ಬೆಳವಣಿಗೆಯಿಂದಾಗಿ ಇಂದು ಇದು ಜಗತ್ತಿನ ಪ್ರಯೋಗಾಲಯಗಳ ಮುಖ್ಯ ಮೀನು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲೂ ಇದನ್ನು ಸಾಕಲಾಗುತ್ತದೆ.

ಶಿಕ್ಷಣ ಮತ್ತು ಆದಾಯ: ಸಂತಾನೋತ್ಪತ್ತಿ, ಆನುವಂಶಿಕತೆ ಮತ್ತು ಸಾರಜನಕ ಚಕ್ರವನ್ನು ಶಾಲಾಮಕ್ಕಳು ಕಣ್ಣಾರೆ ಕಾಣಲು ಗಪ್ಪಿ ತೊಟ್ಟಿ ಸಾಕು. ಹೆಚ್ಚುವರಿ ಮರಿಗಳ ಮಾರಾಟ ಸಣ್ಣ ಆದಾಯಕ್ಕೂ ದಾರಿ. 2020ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕವೆಚ್ಚದ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ನಿಗದಿಪಡಿಸಿತು.

ನಾಡಿನ ಮೀನುಗಳು

ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಜಾತಿಗಳು ವಿದೇಶಿ ಮೂಲದವು. ಅಲಂಕಾರಿಕ ಗುಣವಿರುವ ನಾಡಿನ ಮೀನುಗಳೂ ಹಲವು. ಕಾವೇರಿಯ ಕೊಡಗು ಭಾಗದಿಂದ ಎಸ್.ಎಲ್. ಹೋರಾ 1937ರಲ್ಲಿ ವರ್ಣಿಸಿದ ನಾರಾಯಣ ಬಾರ್ಬ್, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಡೆನಿಸನ್ ಬಾರ್ಬ್, ಕರಾವಳಿ ಕರ್ನಾಟಕದ ನದಿಗಳ ಕೆನರಾ ಪರ್ಲ್‌ಸ್ಪಾಟ್ ಇವುಗಳಲ್ಲಿ ಕೆಲವು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಆರೆಂಜ್ ಕ್ರೊಮೈಡ್ ಮೀನಿನ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನು ಮೆಲ್ಲುತ್ತ ಬೆಳೆಯುತ್ತವೆ. ಡೆನಿಸನ್ ಬಾರ್ಬ್ ಅಳಿವಿನಂಚಿನ ಜಾತಿ. ಅಲಂಕಾರಿಕ ಮಾರುಕಟ್ಟೆಗಾಗಿ ಹೊಳೆಗಳಿಂದ ಹಿಡಿದದ್ದು ಅದರ ಸಂಖ್ಯೆ ಕುಗ್ಗಲು ಒಂದು ಕಾರಣ. ತೊಟ್ಟಿಯಲ್ಲಿ ಹುಟ್ಟಿಸಿದ ಮರಿಗಳು ಮಾರುಕಟ್ಟೆಗೆ ಬಂದಷ್ಟೂ ಹೊಳೆಯ ಮೀನುಗಳ ಮೇಲಿನ ಒತ್ತಡ ಇಳಿಯುತ್ತದೆ.

ಇಂದಿನ ಸ್ಥಿತಿ

ಬಂಗಾರಪೇಟೆ ಜಂಕ್ಷನ್ ಚೆನ್ನೈ–ಬೆಂಗಳೂರು ರೈಲುಮಾರ್ಗದಲ್ಲಿದೆ. ಅಲ್ಲಿಂದ ಕವಲೊಡೆದ ಮಾರ್ಗ ಕೆಜಿಎಫ್‌ನ ಮಾರಿಕುಪ್ಪಂವರೆಗೆ ಹೋಗುತ್ತದೆ. ಚೆನ್ನೈನ ಕೊಳತ್ತೂರು ದಕ್ಷಿಣ ಭಾರತದ ಹೆಸರಾಂತ ಅಲಂಕಾರಿಕ ಮೀನು ಮಾರುಕಟ್ಟೆ. ಅದಕ್ಕೂ ಬೆಂಗಳೂರಿಗೂ ನಡುವೆ ಇರುವುದರಿಂದ ಈ ಪ್ರದೇಶಕ್ಕೆ ತಾಯಿ ಮೀನುಗಳನ್ನು ತರುವುದೂ ಮರಿಗಳನ್ನು ಸಾಗಿಸುವುದೂ ಸುಲಭ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ್ದ ಹಲವು ಕೆರೆಗಳು ತುಂಬಿದ್ದು, ತೊಟ್ಟಿಯಿಂದ ಬಿಟ್ಟ ಮೀನುಗಳು ಅಲ್ಲಿ ನೆಲೆಯೂರುವ ಸಾಧ್ಯತೆಯೂ ಹೆಚ್ಚಿದೆ. ಅಕ್ವೇರಿಯಂಗಳಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಅನೇಕ ಜಲಾಶಯಗಳಲ್ಲಿ ಹರಡಿ ನಾಡಿನ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ಹಾನಿ ಮಾಡಿದೆ. ಗಪ್ಪಿ, ಗ್ಯಾಂಬೂಸಿಯಾಗಳನ್ನೂ ಇಂದು ಆಕ್ರಮಣಕಾರಿ ಜಾತಿಗಳೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಮನೆಯ ತೊಟ್ಟಿಯಲ್ಲಿ ಹೆಚ್ಚಾದ ಮರಿಗಳನ್ನು ಇತರ ಸಾಕಣೆದಾರರಿಗೆ, ಶಾಲೆಗಳಿಗೆ ಅಥವಾ ಅಂಗಡಿಗಳಿಗೆ ಕೊಡಬೇಕು. ಕೆರೆ, ಕುಂಟೆ, ಬಾವಿಗಳಿಗೆ ಬಿಡಬಾರದು.